ಮಲಪ್ರಭೆಯ ದಂಡೆಗುಂಟ ಸೈಕಲ್ ದಾರಿ

ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಇನ್ನು ಸುಮಾರು 14. ಕಾರಿನಲ್ಲಿ ಹೊರಟವರಿಗೆ ಇದು ಒಂದು ತಾಸಿನ ದಾರಿ. ಮೂರೂ ಊರು ನೋಡಿ ಮುಗಿಸಿ ಸಂಜೆಗೇ ಹಂಪಿಯ ಕಡೆ ಹೊರಡುವವರು ಬಹಳ. ಹಾಗೆ ನೋಡಿದಾಗ ಮೂರು ಟಿಕೆಟ್ ಕೌಂಟರು, ಮೂರು ಬೇಲಿ, ಮೂರು ಬಿಡಿ ಊರು ನೆನಪಿನಲ್ಲಿ ಉಳಿಯುತ್ತವೆ. ಚಾಲುಕ್ಯರ ಕಾಲದಲ್ಲಿ ಇವು ಬಿಡಿಯಾಗಿರಲಿಲ್ಲ. ರಾಜಧಾನಿ, ಪಟ್ಟಾಭಿಷೇಕದ ಊರು, ವರ್ತಕರ ಊರು, ನಡುವಿನ ಕೊಳ್ಳ, ಕಲ್ಲುಗಣಿ, ಹೊಲ, ಹೊಳೆ ಎಲ್ಲ ಸೇರಿ ಒಂದೇ ಸೀಮೆಯಾಗಿತ್ತು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗುವ ಸೈಕಲ್ಲಿಗೆ ಈ ಒಂದುತನ ಕಣ್ಣಿಗೆ ಕಾಣುವಷ್ಟು ಸ್ಪಷ್ಟ.

ಮಲಪ್ರಭೆ ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿ, 304 ಕಿಲೋಮೀಟರ್ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಾದಾಮಿ ತಾಲ್ಲೂಕಿನಲ್ಲಿ ಅದು ಹಾಯುವುದು ಮರಳುಗಲ್ಲಿನ ಗುಡ್ಡಗಳ ನಡುವೆ. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಮರಳು ಕುಳಿತು ಗಟ್ಟಿಯಾದ ಕಲ್ಲು ಇದು. ಪದರು ಪದರಾಗಿರುವುದರಿಂದ ಬೆಣೆ ಹೊಡೆದರೆ ನೇರವಾಗಿ ಸೀಳುತ್ತದೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗುಹೆ ಕೊರೆಯಲು, ಕಂಬ ನಿಲ್ಲಿಸಲು, ಮಾಳಿಗೆಗೆ ಚಪ್ಪಡಿ ಹೊದಿಸಲು ಇದಕ್ಕಿಂತ ಅನುಕೂಲದ ಕಲ್ಲು ಸಿಗುವುದು ಕಷ್ಟ. ದಾರಿಯುದ್ದಕ್ಕೂ ಹಳ್ಳಿಯ ಮನೆಗಳ ಗೋಡೆಯಲ್ಲೂ ಇದೇ ಕೆಂಪು ಕಲ್ಲು ಕಾಣುತ್ತದೆ. ಹೊಳೆಯ ಕಡೆಗೆ ಇಳಿದಂತೆ ಕೆಂಪು ಮುಗಿದು ಎರೆ ಮಣ್ಣು ಶುರುವಾಗುತ್ತದೆ. ಜೋಳ, ಸೂರ್ಯಕಾಂತಿ, ಹತ್ತಿ, ನೀರಿದ್ದ ಕಡೆ ಕಬ್ಬು. ಮನುಷ್ಯರು ಈ ಕಣಿವೆಗೆ ಬಂದದ್ದು ಚಾಲುಕ್ಯರಿಗಿಂತ ಬಹಳ ಹಿಂದೆ. ಹಳೆ ಶಿಲಾಯುಗದ ಕಲ್ಲಿನ ಆಯುಧಗಳು ಮಲಪ್ರಭೆಯ ದಂಡೆಯ ಖ್ಯಾಡ ಮುಂತಾದ ಕಡೆ ಸಿಕ್ಕಿವೆ.

ಸವಾರಿ ಶುರುವಾಗುವ ಬಾದಾಮಿಯಲ್ಲಿ ಸೈಕಲ್ಲಿಗೆ ಹೆಚ್ಚು ಕೆಲಸವಿಲ್ಲ, ಅದು ಮೆಟ್ಟಿಲುಗಳ ಊರು. ಬಡಗಣ ಕೋಟೆಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ. ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಅವನು ಈ ಬೆಟ್ಟವನ್ನು ಕೋಟೆಯಾಗಿಸಿದ ವಿವರ ಅದರಲ್ಲಿ ಸಿಗುತ್ತದೆ. ತೆಂಕಣ ಗುಡ್ಡದಲ್ಲಿ ನಾಲ್ಕು ಗುಹಾಲಯಗಳು, ಅವುಗಳಲ್ಲಿ ಕೊನೆಯದು ಜೈನರದು. ಮೂರನೆಯದನ್ನು ಮಂಗಲೇಶ 578ರಲ್ಲಿ ಮಾಡಿಸಿದ. ಒಳಗಿನ ಕಂಬಗಳ ಹತ್ತಿರ ನಿಂತು ನೋಡಿದರೆ ಕಲ್ಲಿನ ಪದರುಗಳೇ ಕೆಂಪು, ಕಂದು, ಹಾಲುಬಿಳಿ ಪಟ್ಟೆಗಳಾಗಿ ಕಂಬದ ಸುತ್ತ ಓರೆಯಾಗಿ ಹಾದಿರುವುದು ಕಾಣುತ್ತದೆ. ಶಿಲ್ಪಿ ಆ ಪಟ್ಟೆಗಳನ್ನು ಮುಚ್ಚದೆ ಬಿಟ್ಟಿದ್ದಾನೆ. ಈ ಗುಹೆಯ ಕನ್ನಡ ಶಾಸನವೊಂದು ಮಾಲೆಗಾರರಿಗೆ ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟದ್ದನ್ನು ದಾಖಲಿಸಿದೆ. ಆ ಊರು ಮಹಾಕೂಟದ ಪಕ್ಕದ ಇಂದಿನ ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗುಡಿಯ ದೇವರಿಗೆ ಹೂಮಾಲೆ ಎಲ್ಲಿಂದ ಬರಬೇಕು ಎಂದು ಬಂಡೆಯ ಮೇಲೆ ಬರೆದದ್ದನ್ನು ಓದಿ, ಮರುದಿನ ಅದೇ ಊರಿನ ಸೀಮೆಯಲ್ಲಿ ಪೆಡಲ್ ತುಳಿಯುವುದು ಈ ಸವಾರಿಯ ದೊಡ್ಡ ಸಂತೋಷಗಳಲ್ಲಿ ಒಂದು.

ಬಾದಾಮಿಯಿಂದ ಐದು ಕಿಲೋಮೀಟರಿಗೆ ಚೊಳಚಗುಡ್ಡದ ಬನಶಂಕರಿ. ಗುಡಿಯ ಎದುರಿನ ಹರಿದ್ರಾತೀರ್ಥದ ಅಂಚಿಗೆ ಕಲ್ಲಿನ ಕಂಬಸಾಲು. ಸೈಕಲ್ ಸವಾರರಿಗೆ ಇಲ್ಲಿ ಮುಖ್ಯವಾದುದು ಇನ್ನೊಂದಿದೆ. ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕಾಳುಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸುತ್ತಾರೆ. ಬನದ ಹುಣ್ಣಿಮೆಗೆ ಶುರುವಾಗುವ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಠಿಕಾಣಿ ಹೂಡುತ್ತವೆ. ನಾಟಕ ನೋಡುವವರಿಗೆ ಅದು ಒಳ್ಳೆಯ ಕಾಲ, ಸೈಕಲ್ ತುಳಿಯುವವರಿಗೆ ಅಲ್ಲ. ಆ ದಿನಗಳಲ್ಲಿ ರಸ್ತೆ ತುಂಬ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು.

ಮುಂದೆ ಹೊಳೆಯ ದಂಡೆಯ ಶಿವಯೋಗ ಮಂದಿರ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ನೀರು ತುಂಬಿಕೊಂಡು, ಗುಡ್ಡದ ಬುಡದ ಕಡೆಗೆ ಹೊರಳಿದರೆ ಮಹಾಕೂಟ. ಬಾದಾಮಿಯಿಂದ ಗುಡ್ಡ ದಾಟಿ ಬರುವ ಹಳೆಯ ಕಾಲುದಾರಿಯೂ ಇಲ್ಲಿಗೇ ಬಂದು ಸೇರುತ್ತದೆ. ಬತ್ತದ ಊಟೆಯ ಸುತ್ತ ಕಟ್ಟಿದ ಊರಿದು. ವಿಷ್ಣು ಪುಷ್ಕರಣಿಯಲ್ಲಿ ಬಿರುಬೇಸಗೆಯಲ್ಲೂ ತಿಳಿನೀರು, ಊರ ಹುಡುಗರು ದಿನವಿಡೀ ಅದರಲ್ಲಿ ಈಜುತ್ತಾರೆ. ಸುತ್ತ ಸಣ್ಣ ಸಣ್ಣ ಗುಡಿಗಳು. ಕೆಲವಕ್ಕೆ ಉತ್ತರದ ರೀತಿಯ ಶಿಖರ, ಕೆಲವಕ್ಕೆ ದಕ್ಷಿಣದ್ದು. ಹಳೆಯ ಬಾಗಿಲ ಇಕ್ಕೆಲದಲ್ಲಿ ಎಲುಬು ಕಾಣುವ ಎರಡು ಮೂರ್ತಿಗಳು ಕಾವಲಿಗಿವೆ. ಇಲ್ಲಿದ್ದ ಮಂಗಲೇಶನ ಶಾಸನದ ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ.

ಪಟ್ಟದಕಲ್ಲಿಗೆ ಇನ್ನು ಕೆಲವೇ ಕಿಲೋಮೀಟರ್ ಇರುವಾಗ ಭದ್ರನಾಯಕನ ಜಾಲಿಹಾಳ ಸಿಗುತ್ತದೆ. ಊರಾಚೆಯ ಗುಡ್ಡದ ಮಡಿಲಲ್ಲಿ ಹುಲಿಗೆಮ್ಮನ ಕೊಳ್ಳ. ಬಂಡೆಯ ಅಡಿಯಲ್ಲಿ ಚಿಕ್ಕ ಚಿಕ್ಕ ಗುಡಿಗಳು ಒತ್ತಾಗಿ ನಿಂತಿವೆ, ಮಳೆಗಾಲದಲ್ಲಿ ಅವುಗಳ ಎದುರಿಗೇ ನೀರು ಧುಮುಕುತ್ತದೆ. ಇವು ಚಾಲುಕ್ಯ ಮನೆತನದವರ ನೆನಪಿಗೆ ಕಟ್ಟಿದವು ಎಂಬ ಅಭಿಪ್ರಾಯವಿದೆ. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದೇ ಕಡಿಮೆ. ಸೈಕಲ್ಲಿಗೆ ಇಂಥ ಜಾಗಗಳೇ ಬೇಕು: ದಾರಿ ಬಿಟ್ಟು ಹೋಗುವುದು ಸುಲಭ, ನಿಲ್ಲಿಸಲು ಜಾಗ ಹುಡುಕಬೇಕಿಲ್ಲ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ಹೊರಳಿ ಹರಿಯುತ್ತದೆ. ಉತ್ತರವಾಹಿನಿಯ ದಂಡೆ ಪವಿತ್ರವೆಂಬ ನಂಬಿಕೆ ಹಳೆಯದು. ಈ ಜಾಗವನ್ನು ಪಟ್ಟಾಭಿಷೇಕಕ್ಕೆ ಆರಿಸಿಕೊಳ್ಳಲು ಅದೂ ಒಂದು ಕಾರಣವಿದ್ದೀತು. 1987ರಿಂದ ಇದು ಯುನೆಸ್ಕೊದ ವಿಶ್ವ ಪರಂಪರೆಯ ತಾಣ. ಪೂರ್ವಕ್ಕೆ ಮುಖ ಮಾಡಿದ ವಿರೂಪಾಕ್ಷ ಗುಡಿಯ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬೀಳುವುದರಿಂದ, ಬಾದಾಮಿಯಿಂದ ಹೊತ್ತು ಮೂಡುವ ಮುಂಚೆ ಹೊರಟು, ಮಹಾಕೂಟವನ್ನು ಮರಳುವಾಗ ನೋಡಿಕೊಳ್ಳುವುದೂ ಒಳ್ಳೆಯ ಏರ್ಪಾಡು.

ಗುಡಿಗಳ ರಚನೆ ಎಂದೂ ಓದದವರಿಗೂ ಇಲ್ಲಿ ಎರಡು ಸಂಪ್ರದಾಯಗಳ ವ್ಯತ್ಯಾಸ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಗಳಗನಾಥ ಮತ್ತು ಸಂಗಮೇಶ್ವರ ಗುಡಿಗಳು ಹತ್ತಿರ ಹತ್ತಿರ ಇವೆ. ಗಳಗನಾಥದ ಶಿಖರ ಬುಡದಿಂದ ತುದಿಯವರೆಗೆ ಒಂದೇ ಬಾಗಿನಲ್ಲಿ ಏರಿ, ಮೇಲೆ ನೆಲ್ಲಿಕಾಯಿಯಂತೆ ಗೆರೆಗೆರೆಯಾದ ಗುಂಡು ಕಲ್ಲನ್ನು ಹೊತ್ತಿದೆ. ಇದು ಉತ್ತರದ ನಾಗರ ರೀತಿ. ಸಂಗಮೇಶ್ವರದ್ದು ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಹೋಗುತ್ತದೆ, ಪ್ರತಿ ಅಂತಸ್ತಿನ ಅಂಚಿಗೂ ಪುಟ್ಟ ಗುಡಿಗಳ ಸಾಲು, ಇದು ದ್ರಾವಿಡ. ಇದನ್ನು ಕಟ್ಟಿಸಿದವನು ವಿಜಯಾದಿತ್ಯ. ಅವನ ಮಗ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷವನ್ನೂ, ಅವಳ ತಂಗಿ ತ್ರೈಲೋಕ್ಯಮಹಾದೇವಿ ಪಕ್ಕದ ಮಲ್ಲಿಕಾರ್ಜುನವನ್ನೂ ಕಟ್ಟಿಸಿದರು. ವಿಕ್ರಮಾದಿತ್ಯ ಕಂಚಿಯ ಕೈಲಾಸನಾಥ ಗುಡಿಯನ್ನು ಸೂರೆ ಮಾಡದೆ, ಅದರ ಸಂಪತ್ತನ್ನು ದೇವರಿಗೇ ಬಿಟ್ಟದ್ದು ಅಲ್ಲಿಯ ಕಂಬದ ಮೇಲಿನ ಕನ್ನಡ ಶಾಸನದಿಂದ ಗೊತ್ತಾಗುತ್ತದೆ. ಲೋಕಮಹಾದೇವಿಯ ಗುಡಿಯ ಸೂತ್ರಧಾರಿ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ಅದನ್ನೂ ಗುಡಿಯಲ್ಲೇ ಕೊರೆದಿದ್ದಾರೆ. ಅರಸನ ಹೆಸರಿನಷ್ಟೇ ಬಾಳಿಕೆ ಬರುವಂತೆ ಕಲ್ಲುಕೆಲಸದವನ ಹೆಸರೂ ಉಳಿದಿರುವುದು ಈ ಕಣಿವೆಯ ದೊಡ್ಡತನ. ತೆಂಕಣ ತುದಿಯಲ್ಲಿ ಬೇರೆಯಾಗಿ ನಿಂತ ಪಾಪನಾಥ ಗುಡಿಯಲ್ಲಿ ನಾಗರ ಶಿಖರ, ದ್ರಾವಿಡ ಗೋಡೆ ಎರಡೂ ಕೂಡಿಕೊಂಡಿವೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತ್ತು.

ಪಟ್ಟದಕಲ್ಲಿನ ಬಡಗಣ ಗುಡ್ಡಗಳಲ್ಲಿ ಆ ಕಾಲದ ಕಲ್ಲುಗಣಿಗಳಿವೆ. ಬೆಣೆ ಕೂರಿಸಲು ತೋಡಿದ ತೂತುಗಳ ಸಾಲು, ಕೆಲಸಗಾರರು ಬಂಡೆಯ ಮೇಲೆ ಕೊರೆದ ಹೆಸರು, ಗೀಚಿದ ಚಿತ್ರ ಈಗಲೂ ಕಾಣಸಿಗುತ್ತವೆ. ಅಲ್ಲಿಗೆ ಊರಿನವರೊಬ್ಬರನ್ನು ಕೂಡಿಕೊಂಡು ಹೋಗುವುದೇ ಸರಿ, ಸೈಕಲ್ ರಸ್ತೆಯ ಬದಿಯಲ್ಲೇ ಉಳಿಯಬೇಕು.

ಐಹೊಳೆಯ ದಾರಿಯಲ್ಲಿ ಸಣ್ಣಪುಟ್ಟ ಏರಿಳಿತಗಳಿವೆ. ನಡುವೆ ಕವಲೊಡೆದು ಹೋದರೆ ಸಿದ್ಧನಕೊಳ್ಳ. ಅಲ್ಲಿಯ ಲಜ್ಜಾಗೌರಿಗೆ ಮಕ್ಕಳಾಗಲೆಂದು ಹರಕೆ ಹೊರುವುದು ಇಂದಿಗೂ ನಿಂತಿಲ್ಲ. ಐಹೊಳೆಯಲ್ಲಿ ನೂರಕ್ಕೂ ಮಿಕ್ಕಿ ಗುಡಿಗಳು ಊರೊಳಗೆ, ಹೊಲದೊಳಗೆ, ಮನೆಗಳ ಹಿತ್ತಲಲ್ಲಿ ಚದುರಿವೆ. ಒಂದು ಕಾಲಕ್ಕೆ ಜನ ಗುಡಿಗಳೊಳಗೇ ಸಂಸಾರ ಮಾಡಿದ್ದರು. ಲಾಡಖಾನ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳು ಆ ಕಾಲದವು. ಹಿಂಬದಿ ಅರ್ಧವೃತ್ತವಾಗಿ ತಿರುಗುವ ದುರ್ಗ ಗುಡಿಯನ್ನು ಎಲ್ಲರೂ ನೋಡುತ್ತಾರೆ. ಬೆಟ್ಟದ ಮೇಲಿನ ಮೇಗುಟಿಯನ್ನು ಕಾಲು ಸೋತವರು ಬಿಟ್ಟುಬಿಡುತ್ತಾರೆ, ಬಿಡಬಾರದು. ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿ 634ರಲ್ಲಿ ಕಟ್ಟಿಸಿದ ಜೈನ ಬಸದಿ ಅದು. ಅವನ ಶಾಸನದಲ್ಲಿ ಪುಲಕೇಶಿ ಹರ್ಷನನ್ನು ಸೋಲಿಸಿದ ಪ್ರಸ್ತಾಪವಿದೆ, ಕಾಳಿದಾಸ ಮತ್ತು ಭಾರವಿಯರ ಹೆಸರಿದೆ. ಆ ಇಬ್ಬರು ಕವಿಗಳು ಈ ತಾರೀಖಿಗೆ ಮುಂಚಿನವರು ಎಂದು ಸಾಹಿತ್ಯ ಚರಿತ್ರೆಕಾರರು ಹೇಳುವುದು ಇದೇ ಕಲ್ಲಿನ ಆಧಾರದಿಂದ. ಬಸದಿಯ ಹಿಂದಿನ ಬಯಲಿನಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳು ಹರಡಿಕೊಂಡಿವೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ಬೆಳೆದದ್ದು ಈ ಊರಿನ ಹೆಸರಿನಲ್ಲಿ. ಅವರ ವ್ಯಾಪಾರ ಸುಮಾತ್ರಾದವರೆಗೆ ಮುಟ್ಟಿತ್ತು. ಅಲ್ಲಿಯ ಬಾರೂಸ್‌ನಲ್ಲಿ ಈ ಸಂಘದ 1088ರ ತಮಿಳು ಶಾಸನ ಸಿಕ್ಕಿದೆ.

ಈ ದಾರಿಗೆ ದುಬಾರಿ ಸೈಕಲ್ಲೇ ಆಗಬೇಕೆಂದಿಲ್ಲ. ರೋಡ್ ಬೈಕ್ ಇದ್ದವರು 28ರಿಂದ 32 ಮಿಲಿಮೀಟರ್ ಅಗಲದ ಟೈರು ಹಾಕಿಸಿಕೊಳ್ಳುವುದು ಲೇಸು. ಡಾಂಬರು ಕೆಲವು ಕಡೆ ಕಿತ್ತಿರುತ್ತದೆ, ಪ್ರತಿ ಊರಿನ ಮುಂದೂ ಹಂಪ್‌ಗಳಿರುತ್ತವೆ. ಬಳ್ಳಾರಿ ಜಾಲಿಯ ಮುಳ್ಳು ಇಲ್ಲಿಯ ದೊಡ್ಡ ಶತ್ರು. ಎರಡು ಟ್ಯೂಬು, ಪಂಚರ್ ಸಾಮಾನು, ಕೈಪಂಪು ಜೊತೆಗಿರಬೇಕು. ಸುಗ್ಗಿಯಲ್ಲಿ ರೈತರು ಹುರುಳಿ, ತೊಗರಿಯನ್ನು ರಸ್ತೆಯ ಮೇಲೆ ಹರವಿ ವಾಹನಗಳ ಗಾಲಿಯಿಂದಲೇ ಒಕ್ಕಲು ಮಾಡಿಸುತ್ತಾರೆ. ದಂಟಿನ ಮೇಲೆ ತೆಳು ಟೈರು ಜಾರುತ್ತದೆ, ನಾರು ಚೈನಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಬರುತ್ತವೆ. ಚಾಲಕನಿಗೆ ಹಿಂದಿನ ಸೈಕಲ್ಲಿನ ಗಂಟೆ ಕೇಳುವುದಿಲ್ಲ, ಹಿಂದಿನ ಟ್ರೇಲರ್ ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ. ಅವು ಹಾದುಹೋಗುವವರೆಗೆ ಬದಿಗೆ ನಿಲ್ಲುವುದು ಕ್ಷೇಮ.

ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆಗಳು ರಾತ್ರಿಯವರೆಗೂ ಕಾವು ಬಿಡುತ್ತಿರುತ್ತವೆ. ಮಳೆಗಾಲ ಹಸಿರೇನೋ ನಿಜ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬಿಡದೆ ಬೀಸುತ್ತದೆ. ಐಹೊಳೆಗೆ ಹೋಗುವಾಗ ಅದು ಬೆನ್ನಿಗಿರುತ್ತದೆ, ಬಾದಾಮಿಗೆ ಮರಳುವಾಗ ಎದೆಗೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುವವನಿಗೆ 15 ಕಿಲೋಮೀಟರ್ ವೇಗದ ಎದುರುಗಾಳಿ ಸಿಕ್ಕರೆ ಮೈಗೆ ಬಡಿಯುವುದು 35ರ ಗಾಳಿ. ತಡೆ ಮೂರು ಪಟ್ಟು. ಆದ್ದರಿಂದ ಮಳೆಗಾಲದಲ್ಲಿ ಹೊರಡುವವರು ಹಿಂದಿರುಗಲು ಎರಡು ಪಟ್ಟು ಸಮಯ ಇಟ್ಟುಕೊಳ್ಳಬೇಕು.

ಸೈಕಲ್ ಈ ಸೀಮೆಗೆ ಹೊರಗಿನಿಂದ ಬಂದ ಶೋಕಿಯೂ ಅಲ್ಲ. ಕರ್ನಾಟಕಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ಜಿಲ್ಲೆಗಳಲ್ಲಿ ಬಾಗಲಕೋಟೆ, ವಿಜಯಪುರಗಳೇ ಮುಂದು. ಊರ ಜಾತ್ರೆಗೆ ಬಂಡಿ ಓಟ, ಕುಸ್ತಿಯ ಜೊತೆಗೆ ಸೈಕಲ್ ಸ್ಪರ್ಧೆ ಇಡುವುದು ಇಲ್ಲಿ ವಾಡಿಕೆ, ಹಳ್ಳಿಯ ಹುಡುಗ ಹುಡುಗಿಯರು ಪಳಗುವುದು ಇದೇ ರಸ್ತೆಗಳ ಮೇಲೆ. ಹೆಲ್ಮೆಟ್ ಹಾಕಿಕೊಂಡು ಬಗ್ಗಿ ತುಳಿಯುವವರನ್ನು ಕಂಡರೆ ಚಹದಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ ಗೇರು ಎಷ್ಟು ಎಂಬುದೇ.

ತುಳಿಯುವ ಹೊತ್ತು ಒಂದು ದಿಕ್ಕಿಗೆ ಮೂರು ತಾಸು ಸಾಕು, ನೋಡುವ ಹೊತ್ತಿಗೆ ಎರಡು ದಿನ ಬೇಕು. ತಂಗಲು ವಸತಿಗೃಹಗಳು ಬಾದಾಮಿಯಲ್ಲಿ ಹೆಚ್ಚು, ಪಟ್ಟದಕಲ್ಲು, ಐಹೊಳೆಗಳಲ್ಲಿ ಕಡಿಮೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ರೈಲಿನಲ್ಲಿ ಬರುವವರು ಸೈಕಲ್ಲನ್ನು ಲಗೇಜ್ ಆಗಿ ಬುಕ್ ಮಾಡಿ ತರಬಹುದು. ಬಾದಾಮಿ ನಿಲ್ದಾಣ ಊರಿನಿಂದ ಐದು ಕಿಲೋಮೀಟರ್ ದೂರ. ಐಹೊಳೆಯಿಂದ ಮುಂದೆ ಅಮೀನಗಡಕ್ಕೆ ಹೋದರೆ ಕರದಂಟು ಸಿಗುತ್ತದೆ. ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿಯ ಈ ತಿನಿಸು ದೂರದ ಸವಾರಿಗೆ ಹೇಳಿ ಮಾಡಿಸಿದ್ದು. ಕಾಲಿನಲ್ಲಿ ಇನ್ನೂ ಕಸುವಿದ್ದವರು ಅಲ್ಲಿಂದ ಕೂಡಲಸಂಗಮಕ್ಕೆ ಮುಂದುವರಿಯುತ್ತಾರೆ. ಬಾದಾಮಿಗೇ ಮರಳುವವರಿಗೆ ಪಟ್ಟದಕಲ್ಲಿನಿಂದ ಗುಳೇದಗುಡ್ಡದ ಮೇಲಿನ ದಾರಿಯೂ ಇದೆ. ಬಂದ ದಾರಿಗಿಂತ ದೂರವೂ ಹೆಚ್ಚು, ಏರೂ ಹೆಚ್ಚು, ಆದರೆ ಖಣ ನೇಯುವ ಆ ಊರಿನ ಓಣಿಗಳಲ್ಲಿ ಮಗ್ಗದ ಸದ್ದು ಇನ್ನೂ ಕೇಳುತ್ತದೆ.