ಸಣ್ಣ ರೀಲಿಗೆ ಅದರದೇ ಯಂತ್ರ ಬೇಕು

1922ರ ಕೊನೆಯಲ್ಲಿ ಫ್ರಾನ್ಸಿನ ಪಾತೆ ಕಂಪನಿ, ಜನ ಮನೆಯಲ್ಲೇ ಸಿನಿಮಾ ನೋಡಲೆಂದು ಪಾತೆ ಬೇಬಿ ಎಂಬ ಪುಟ್ಟ ಪ್ರೊಜೆಕ್ಟರನ್ನು ಮಾರಾಟಕ್ಕಿಟ್ಟಿತು. ಚಿತ್ರಮಂದಿರದ ಫಿಲ್ಮು 35 ಮಿಲಿಮೀಟರ್ ಅಗಲದ್ದು. ಆ ಕಾಲದಲ್ಲಿ ಅದನ್ನು ಬೇಗ ಬೆಂಕಿ ಹಿಡಿಯುವ ನೈಟ್ರೇಟಿನಿಂದ ಮಾಡುತ್ತಿದ್ದರು. ಮನೆಯ ಯಂತ್ರದ್ದು 9.5 ಮಿಲಿಮೀಟರ್ ಫಿಲ್ಮು, ಹಾಗೆ ಭಗ್ಗನೆ ಉರಿಯದ ಅಸಿಟೇಟಿನದು. ಫಿಲ್ಮನ್ನು ಎಳೆಯುವ ತೂತುಗಳು ಅಂಚಿನಲ್ಲಿರದೆ ಎರಡು ಚಿತ್ರಗಳ ನಡುವೆ, ಸರಿಯಾಗಿ ಮಧ್ಯದಲ್ಲಿದ್ದವು. ಅದರಿಂದ ಪೂರ್ತಿ ಅಗಲವೂ ಚಿತ್ರಕ್ಕೇ ಸಿಕ್ಕಿ, ಮರುವರ್ಷ ಕೊಡಾಕ್ ತಂದ 16 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿಗೆ ಹತ್ತಿರದ ಗಾತ್ರ ಇಷ್ಟು ಸಣ್ಣ ಪಟ್ಟಿಯಲ್ಲೇ ದೊರೆಯಿತು. ಆಮೇಲೆ 1932ರಲ್ಲಿ 8 ಮಿಲಿಮೀಟರ್, 1965ರಲ್ಲಿ ಸೂಪರ್ 8 ಬಂದವು. ಈ ಸಣ್ಣ ಅಗಲದ ಫಿಲ್ಮುಗಳ ಪ್ರೊಜೆಕ್ಟರುಗಳನ್ನು ಹುಡುಕಿ ತಂದು ರಿಪೇರಿ ಮಾಡುವ ಹವ್ಯಾಸಿಗಳು ಯುರೋಪು, ಅಮೆರಿಕಗಳಲ್ಲಿ ಈಗಲೂ ಇದ್ದಾರೆ. ಅವರ ಕೆಲಸವನ್ನು ಹಳೆಯ ಸಾಮಾನಿನ ಮೋಹವೆಂದು ಬದಿಗೆ ಸರಿಸುವುದು ತಪ್ಪು. ಯಂತ್ರ ಓಡದಿದ್ದರೆ ಆ ಫಿಲ್ಮಿನಲ್ಲಿ ಏನಿದೆಯೆಂಬುದನ್ನು ಪೂರ್ತಿಯಾಗಿ ಅರಿಯಲು ಆಗುವುದಿಲ್ಲ ಎಂಬುದಕ್ಕೆ ಪಾತೆ ಬೇಬಿಯೇ ಒಳ್ಳೆಯ ಸಾಕ್ಷಿ.

ಮೂಕಿಚಿತ್ರದಲ್ಲಿ ಮಾತನ್ನು ತೆರೆಯ ಮೇಲೆ ಬರೆದು ತೋರಿಸಬೇಕು, ಓದುವಷ್ಟು ಹೊತ್ತು ಅದು ನಿಲ್ಲಬೇಕು. ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳಂತೆ ಓಡುವಾಗ ಒಂದು ಸಾಲನ್ನು ಐದು ಸೆಕೆಂಡು ನಿಲ್ಲಿಸಲು 80 ಚೌಕಟ್ಟು ಬೇಕಾಗುತ್ತದೆ. ಇಪ್ಪತ್ತು ಮೀಟರಿನಷ್ಟೇ ಫಿಲ್ಮು ಹಿಡಿಸುವ ಡಬ್ಬಿಗೆ ಇದು ದುಬಾರಿ ಖರ್ಚು. ಪಾತೆಯ ಕುಶಲಿಗಳು ಇದಕ್ಕೊಂದು ಉಪಾಯ ಕಂಡುಕೊಂಡರು. ಬರಹವನ್ನು ಕೆಲವೇ ಚೌಕಟ್ಟುಗಳಲ್ಲಿ ಅಚ್ಚುಮಾಡಿ, ಫಿಲ್ಮಿನ ಅಂಚಿನಲ್ಲಿ ಸಣ್ಣದೊಂದು ಕಚ್ಚು ಹಾಕಿದರು. ಆ ಕಚ್ಚು ಬಂದದ್ದನ್ನು ಪ್ರೊಜೆಕ್ಟರಿನೊಳಗಿನ ಕಡ್ಡಿ ಗುರುತಿಸಿದಾಗ ಎಳೆಯುವ ಕೊಕ್ಕೆ ಕೆಲಹೊತ್ತು ಸುಮ್ಮನಾಗುತ್ತದೆ. ಹಿಡಿಕೆ ತಿರುಗುತ್ತಲೇ ಇರುತ್ತದೆ, ಚಿತ್ರ ಮಾತ್ರ ನಿಂತಿರುತ್ತದೆ. ಬಲ್ಬು ಬಹಳ ಮಂದವಾದದ್ದರಿಂದ ನಿಂತ ಫಿಲ್ಮು ಸುಡುತ್ತಿರಲಿಲ್ಲ. ಇದೇ ರೀಲನ್ನು ಈ ಏರ್ಪಾಡಿಲ್ಲದ, ಮುಂದೆ ಬಂದ ಪ್ರೊಜೆಕ್ಟರಿಗೆ ಹಾಕಿದರೆ ಮಾತುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತವೆ. ಅಂದರೆ ಕಥೆಯ ಒಂದು ಭಾಗ ಫಿಲ್ಮಿನಲ್ಲಿದ್ದರೆ ಇನ್ನೊಂದು ಭಾಗ ಯಂತ್ರದಲ್ಲಿತ್ತು.

ಇಂಥ ರೀಲುಗಳು ಮಕ್ಕಳ ಆಟಿಕೆಯಷ್ಟೇ ಆಗಿದ್ದರೆ ಇಷ್ಟು ವಾದ ಬೇಕಿರಲಿಲ್ಲ. ಆದರೆ ಕೆಲವು ಮೂಕಿಚಿತ್ರಗಳು ಇಂದು ಉಳಿದಿರುವುದೇ ಮನೆಬಳಕೆಗೆಂದು ಮೊಟಕುಮಾಡಿ ಮಾರಿದ ಪ್ರತಿಗಳಲ್ಲಿ. ಆಬೆಲ್ ಗಾನ್ಸ್ 1927ರಲ್ಲಿ ತೆರೆಗೆ ತಂದ 'ನೆಪೋಲಿಯನ್' ಬೇರೆ ಬೇರೆ ಕೈಗಳಲ್ಲಿ ಕತ್ತರಿಸಿಕೊಂಡು ಛಿದ್ರವಾಗಿತ್ತು. 1954ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೂ ಶಾಲಾ ಬಾಲಕನಾಗಿದ್ದ ಕೆವಿನ್ ಬ್ರೌನ್‌ಲೋ ಅವರಿಗೆ ಅದರ 9.5 ಮಿಲಿಮೀಟರಿನ ಎರಡು ರೀಲುಗಳು ಸಿಕ್ಕವು. ಮನೆಯಲ್ಲಿ ಅವನ್ನು ಓಡಿಸಿ ನೋಡಿದ ಅವರು ಉಳಿದ ತುಂಡುಗಳನ್ನು ಅರಸುತ್ತ ಹೊರಟರು. 1980ರಲ್ಲಿ ಲಂಡನ್ನಿನಲ್ಲಿ, ಕಾರ್ಲ್ ಡೇವಿಸ್ ಅವರ ಸಂಗೀತದೊಂದಿಗೆ ಸುಮಾರು ಐದು ಗಂಟೆಯ 'ನೆಪೋಲಿಯನ್' ಮತ್ತೆ ತೆರೆಗೆ ಬಂತು. ಮುಂದೆ ದೊಡ್ಡ ಸಂಗ್ರಹಾಲಯಗಳೂ ಪರಿಣತರೂ ಈ ಕೆಲಸಕ್ಕೆ ಹೆಗಲು ಕೊಟ್ಟದ್ದು ನಿಜ. ಆದರೆ ಮೊದಲ ಎಳೆ ಸಿಕ್ಕಿದ್ದು ಓಡುವ ಸ್ಥಿತಿಯಲ್ಲಿದ್ದ ಒಂದು ಮನೆಯ ಪ್ರೊಜೆಕ್ಟರಿನಿಂದ.

ಈಗ ಸ್ಕ್ಯಾನರ್ ಇದೆಯಲ್ಲ, ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡರೆ ಈ ಕಬ್ಬಿಣದ ರಗಳೆ ಏಕೆ ಎಂದು ಕೇಳುವವರಿದ್ದಾರೆ. ಪ್ರತಿ ಉಳಿಸಿಕೊಳ್ಳಲು ಸ್ಕ್ಯಾನ್ ಬೇಕೇ ಬೇಕು. ಆದರೆ ಸ್ಕ್ಯಾನರ್ ಒಂದೊಂದೇ ಚೌಕಟ್ಟನ್ನು ಚಿತ್ರವಾಗಿ ತೆಗೆದುಕೊಡುತ್ತದೆ. ಕಚ್ಚಿನ ಅರ್ಥ ಅದಕ್ಕೆ ಗೊತ್ತಿರುವುದಿಲ್ಲ. ಯಾವ ಬರಹ ಎಷ್ಟು ಹೊತ್ತು ನಿಲ್ಲಬೇಕು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ನಡಿಗೆಯ ವೇಗ ಎಷ್ಟಿತ್ತು ಎಂಬುದನ್ನು ಆ ಯಂತ್ರದ ನಡೆ ಬಲ್ಲವರೇ ಹೇಳಬೇಕು. 16ರ ವೇಗದಲ್ಲಿ ತೆಗೆದದ್ದನ್ನು 24ರ ವೇಗದಲ್ಲಿ ತೋರಿಸಿದ್ದರಿಂದಲೇ ಅಲ್ಲವೆ, ಹಳೆಯ ಕಾಲದ ಜನರೆಲ್ಲ ದಡಬಡ ಓಡಾಡುತ್ತಿದ್ದರೆಂಬ ಕಲ್ಪನೆ ನಮ್ಮಲ್ಲಿ ಬೇರೂರಿದ್ದು? ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಹಳೆಯ ಫಿಲ್ಮನ್ನು ಓಡಿಸಿದಷ್ಟೂ ಅದು ಸವೆಯುತ್ತದೆ. ಇದನ್ನು ಒಪ್ಪಲೇಬೇಕು. ಅಸಿಟೇಟ್ ಕೆಡುತ್ತ ಬಂದಾಗ ವಿನೆಗರಿನ ಹುಳಿವಾಸನೆ ಹೊಡೆಯುತ್ತದೆ, ಪಟ್ಟಿ ಕುಗ್ಗುತ್ತದೆ, ತೂತುಗಳ ನಡುವಣ ಅಂತರ ಕೊಕ್ಕೆಯ ಅಳತೆಗೆ ಹೊಂದದೆ ಫಿಲ್ಮು ಹರಿಯುತ್ತದೆ. ಕೊಡಾಕ್ರೋಮ್ ಬಣ್ಣ ಕತ್ತಲಲ್ಲಿಟ್ಟರೆ ದಶಕಗಳ ಕಾಲ ಚೆನ್ನಾಗಿದ್ದರೂ ಪ್ರೊಜೆಕ್ಟರಿನ ಬೆಳಕಿಗೆ ಬೇಗ ಮಾಸುತ್ತದೆ. ಆದ್ದರಿಂದ ಒಂದೇ ಒಂದು ಪ್ರತಿ ಇರುವ ರೀಲನ್ನು, ಕುಟುಂಬದ ಮದುವೆ ಚಿತ್ರವೇ ಆಗಲಿ, ಮೊದಲು ಸ್ಕ್ಯಾನ್ ಮಾಡಿಸಬೇಕು. ಪ್ರೊಜೆಕ್ಟರಿನ ಪರೀಕ್ಷೆಗೆ ಹೆಚ್ಚು ಪ್ರತಿಗಳಿರುವ, ಕಳೆದುಹೋದರೂ ನಷ್ಟವಾಗದ ರೀಲು ಸಾಕು. ಒಳ್ಳೆಯ ಹವ್ಯಾಸಿಗಳು ಈ ಶಿಸ್ತನ್ನು ಪಾಲಿಸುತ್ತಾರೆ.

ರಿಪೇರಿ ಎಂದರೆ ಹೊಳಪು ಕೊಡುವುದೂ ಅಲ್ಲ. ಸಿಕ್ಕ ಯಂತ್ರವನ್ನು ಕೂಡಲೇ ಕರೆಂಟಿಗೆ ಸಿಕ್ಕಿಸುವುದೇ ಮೊದಲ ಅಪಾಯ. ಒಳಗಿನ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ, ವೈರಿನ ರಬ್ಬರು ಪುಡಿಪುಡಿಯಾಗಿರುತ್ತದೆ, ಕೆಲವು ಹಳೆಯ ಯಂತ್ರಗಳಲ್ಲಿ ಶಾಖ ತಡೆಯಲು ಕಲ್ನಾರು ಬಳಸಿರುತ್ತಾರೆ. ಅಮೆರಿಕದ ಯಂತ್ರವಾದರೆ ನಮ್ಮ 230 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಬೇಕು. ಮೊದಲು ಕೈಯಲ್ಲಿ ತಿರುಗಿಸಿ ನೋಡಿ, ಹಳೆಯ ಗ್ರೀಸು ತೆಗೆದು, ಬೆಲ್ಟು ಬದಲಿಸಿ, ಫಿಲ್ಮು ಸರಿಯುವ ಗೇಟನ್ನು ಮರದ ಕಡ್ಡಿಯಿಂದ ಶುಚಿಮಾಡಬೇಕು. ಅಲ್ಲಿ ಉಕ್ಕಿನ ಮೊನೆ ಗೀರಿದರೆ ಮುಂದೆ ಓಡುವ ಪ್ರತಿ ಚಿತ್ರದ ಮೇಲೂ ಗೆರೆ ಬೀಳಬಹುದು. ಬೆಲ್ ಅಂಡ್ ಹೋವೆಲ್‌ನ ನಂತರದ ಕಾಲದ 16 ಮಿಲಿಮೀಟರ್ ಯಂತ್ರಗಳಲ್ಲಿ ಪ್ಲಾಸ್ಟಿಕ್ಕಿನ ವರ್ಮ್ ಗೇರು ವಯಸ್ಸಾದಂತೆ ಸೀಳುತ್ತದೆ. ಹೊಸದನ್ನು ಮಾಡಿಸಿ ಹಾಕದೆ ಗತಿಯಿಲ್ಲ. ಹೀಗೆ ಬಿಡಿಭಾಗ ಬದಲಿಸುತ್ತ ಹೋದರೆ ಯಂತ್ರದ ಹಳೆತನವೇ ಹೋಗುವುದಿಲ್ಲವೆ ಎಂಬ ಪ್ರಶ್ನೆ ಬಲ್ಬಿನ ವಿಷಯದಲ್ಲಿ ಇನ್ನೂ ಜೋರಾಗಿ ಏಳುತ್ತದೆ. ಅನೇಕ ಹಳೆಯ ಬಲ್ಬುಗಳು ಈಗ ತಯಾರಾಗುತ್ತಿಲ್ಲ, ಎಲ್‌ಇಡಿ ಹಾಕುವವರು ಹೆಚ್ಚುತ್ತಿದ್ದಾರೆ. ಮೂಲ ಹೋಲ್ಡರನ್ನು ಕೊರೆಯದೆ, ಬಿಚ್ಚಿದ್ದನ್ನು ಚೀಟಿ ಬರೆದು ಜೊತೆಯಲ್ಲೇ ಇಟ್ಟರೆ ನನಗೆ ಇದರಲ್ಲಿ ದೋಷ ಕಾಣುವುದಿಲ್ಲ. ಎಲ್‌ಇಡಿಯಿಂದ ಫಿಲ್ಮಿಗೆ ತಗಲುವ ಶಾಖ ಬಹಳ ಕಡಿಮೆ. ಕಚ್ಚು ಹಾಕಿದ ಪಾತೆ ರೀಲನ್ನು ಹೆಚ್ಚು ಬೆಳಕಿನಲ್ಲಿ ಸುಡದೆ ನಿಲ್ಲಿಸುವುದು ಅದರಿಂದಲೇ ಸಾಧ್ಯವಾಗಿದೆ.

ಕರ್ನಾಟಕಕ್ಕೂ ಈ ಮಾತು ದೂರದ್ದಲ್ಲ. 9.5 ಮಿಲಿಮೀಟರ್ ನಮ್ಮ ಊರುಗಳಿಗೆ ಅಪರಿಚಿತವಾದರೂ 16 ಮಿಲಿಮೀಟರ್ ಹಾಗಲ್ಲ. ಸರ್ಕಾರದ ಕ್ಷೇತ್ರ ಪ್ರಚಾರ ವಿಭಾಗದವರು ಹಳ್ಳಿಗಳಲ್ಲಿ ಪರದೆ ಕಟ್ಟಿ ಸಾಕ್ಷ್ಯಚಿತ್ರ ತೋರಿಸಿದ್ದು, ಫಿಲ್ಮ್ ಸೊಸೈಟಿಗಳು ಹೊರದೇಶದ ಚಿತ್ರಗಳನ್ನು ನಮ್ಮ ನೋಡುಗರಿಗೆ ತಲುಪಿಸಿದ್ದು ಬಹುಮಟ್ಟಿಗೆ ಈ ಯಂತ್ರಗಳಿಂದಲೇ. ಅಂಥದ್ದೊಂದು ಎಲ್ಲಾದರೂ ಕಾಲೇಜಿನ ಉಗ್ರಾಣದಲ್ಲಿ ಸಿಕ್ಕರೆ ಗುಜರಿಗೆ ತೂಗಿಸುವ ಮುನ್ನ ಅದರ ಲೆನ್ಸು, ಖಾಲಿ ರೀಲು, ಕೈಪಿಡಿ ಮೂರೂ ಜೊತೆಯಲ್ಲಿವೆಯೇ ಎಂದು ನೋಡಬೇಕು. ಮೊದಲು ಬೇರೆಯಾಗಿ ಕಳೆದುಹೋಗುವುದು ಅವೇ. ಅದನ್ನು ಓಡಿಸಿದ್ದ ಆಪರೇಟರ್ ಊರಿನಲ್ಲಿದ್ದರೆ ಫಿಲ್ಮು ಹಾಕುವ ಕ್ರಮವನ್ನು ಅವರ ಕೈಯಲ್ಲೇ ಮಾಡಿಸಿ ವಿಡಿಯೊ ತೆಗೆದಿಟ್ಟುಕೊಳ್ಳಬೇಕು. ಗೇಟಿನ ಮೇಲೆ, ಕೆಳಗೆ ಎಷ್ಟು ಸಡಿಲು ಬಿಡಬೇಕೆಂಬುದನ್ನು ಅವರ ಬೆರಳುಗಳಷ್ಟು ಸ್ಪಷ್ಟವಾಗಿ ಕೈಪಿಡಿಯ ಚಿತ್ರ ತೋರಿಸಲಾರದು.