ಕೊಟ್ಟಿಗೆಗೆ ಕಾಂಕ್ರೀಟ್ ನೆಲ: ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ



ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ಗಂಜಲ ನಿಂತು ಕೆಸರಾಗುತ್ತದೆ. ಹಸು ಅದರಲ್ಲೇ ಮಲಗುತ್ತದೆ. ಕೆಚ್ಚಲು ಬಾವಿಗೆ ಅದೇ ದಾರಿ. ಆದ್ದರಿಂದ ಹಾಲಿನ ಬಟವಾಡೆಯಲ್ಲಿ ನಾಲ್ಕು ಕಾಸು ಉಳಿದೊಡನೆ ಕೊಟ್ಟಿಗೆಗೆ ಕಾಂಕ್ರೀಟ್ ಹಾಕಿಸೋಣ ಎಂದು ಯೋಚಿಸುತ್ತೇವೆ. ಒಳ್ಳೆಯ ಯೋಚನೆಯೇ. ಆದರೆ ಹೊಸ ನೆಲದ ಮೇಲೆ ಹಸು ಜಾರಿ ಬೀಳುವುದು, ಗಂಜಲ ಮೂಲೆಯಲ್ಲಿ ಮಡುಗಟ್ಟುವುದು, ವರ್ಷ ತುಂಬುವುದರೊಳಗೆ ನೆಲ ಪುಡಿಯಾಗಿ ಏಳುವುದು ಇವನ್ನೂ ನೀವು ಕಂಡಿರುತ್ತೀರಿ.

ಇದಕ್ಕೆ ಮುಖ್ಯ ಕಾರಣ ಒಂದೇ. ಮೇಸ್ತ್ರಿಯ ಜೊತೆ ಮಾತುಕತೆ ನಡೆಯುವುದು ಮನೆಯ ಗಂಡಸರದ್ದು, ಅದೂ ಬರೀ ದುಡ್ಡಿನ ಮಾತು. ಆ ನೆಲದ ಮೇಲೆ ಎರಡು ಹೊತ್ತೂ ಸಗಣಿ ಬಾಚಿ, ತೊಳೆದು, ಹಾಲು ಕರೆಯುವವರು ನೀವು. ನೆಲ ಹೇಗಿರಬೇಕು ಎಂದು ಹೇಳಬೇಕಾದವರೂ ನೀವೇ. ಮುಂಗಡ ಕೊಡುವ ಮೊದಲೇ ಅಳತೆ ಸಮೇತ ಹೇಳಿ, ಚೀಟಿಯಲ್ಲಿ ಬರೆಸಿ.

ಮೇಸ್ತ್ರಿಯನ್ನು ಆರಿಸುವಾಗ

ಮನೆ ನೆಲ ಕನ್ನಡಿಯ ಹಾಗೆ ಮಾಡುವ ಮೇಸ್ತ್ರಿಗೆ ಕೊಟ್ಟಿಗೆ ನೆಲ ಗೊತ್ತಿರಬೇಕೆಂದಿಲ್ಲ. ಅವರು ಹಾಕಿದ ಎರಡು ಕೊಟ್ಟಿಗೆ ತೋರಿಸಲು ಕೇಳಿ. ಮೊನ್ನೆ ಮುಗಿಸಿದ್ದಲ್ಲ, ಒಂದೆರಡು ಮಳೆಗಾಲ ಕಂಡದ್ದನ್ನು ನೋಡಿ. ಅಲ್ಲಿ ಮನೆ ಯಜಮಾನರಿಗಿಂತ ಕೊಟ್ಟಿಗೆ ತೊಳೆಯುವವರನ್ನು ಮಾತಾಡಿಸಿ. ‘ನೀರು ತಾನಾಗಿ ಹರಿಯುತ್ತಾ? ಹಸು ಜಾರುತ್ತಾ? ಹೇಳಿದ ದಿನಕ್ಕೆ ಕೆಲಸ ಮುಗಿಸಿದರಾ?’ ಈ ಮೂರು ಪ್ರಶ್ನೆ ಸಾಕು.

ಗುತ್ತಿಗೆ ಎರಡು ಬಗೆ: ಸಾಮಾನು ಸಮೇತ, ಇಲ್ಲವೇ ಬರೀ ಕೂಲಿ. ಚಿಕ್ಕ ಕೆಲಸಕ್ಕೆ ಸಾಮಾನು ನೀವೇ ತರಿಸಿ, ಕೂಲಿಯನ್ನು ಚದರಡಿ ಲೆಕ್ಕದಲ್ಲಿ ಮಾತಾಡುವುದು ಒಳ್ಳೆಯದು. ಸಿಮೆಂಟ್ ಉಳಿಸಿದರೆ ಲಾಭ ಎಂಬ ಆಸೆ ಆಗ ಮೇಸ್ತ್ರಿಗೂ ಇರುವುದಿಲ್ಲ. ಗೋದಲಿ, ಚರಂಡಿ, ಮೆಟ್ಟಿಲು ಆ ಲೆಕ್ಕದಲ್ಲೇ ಸೇರಿವೆಯೋ, ಬೇರೆಯೋ ಎಂದು ಮೊದಲೇ ಕೇಳಿ. ಕೊನೆಯಲ್ಲಿ ಜಗಳ ಬರುವುದು ಇಲ್ಲೇ.

ಸಾಮಾನಿನ ಲೆಕ್ಕ ನಿಮಗೂ ಗೊತ್ತಿರಲಿ

ಎರಡು ಹಸು, ಒಂದು ಕರುವಿಗಾಗಿ 12 ಅಡಿ ಉದ್ದ, 10 ಅಡಿ ಅಗಲದ ನೆಲ ಎಂದುಕೊಳ್ಳಿ. 120 ಚದರಡಿಗೆ 4 ಇಂಚು ದಪ್ಪ ಹಾಕಿದರೆ 40 ಘನ ಅಡಿ ಕಾಂಕ್ರೀಟ್ ಬೇಕು. ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಹಾಕಿ ಕಲಸಿದರೆ 50 ಕೆಜಿಯ ಒಂದು ಮೂಟೆಗೆ ಹೆಚ್ಚುಕಡಿಮೆ 5.7 ಘನ ಅಡಿ ಕಾಂಕ್ರೀಟ್ ಆಗುತ್ತದೆ. ಅಂದರೆ 7 ಮೂಟೆ ಬೇಕು. ಯಾರಾದರೂ ‘ನಾಲ್ಕೇ ಮೂಟೆ ಸಾಕು’ ಎಂದರೆ, ದಪ್ಪದಲ್ಲೋ ಸಿಮೆಂಟಿನಲ್ಲೋ ಕಡಿತ ಆಗುತ್ತಿದೆ ಎಂದರ್ಥ.

ಪಾಲು ತಪ್ಪದಿರಲು ಸುಲಭ ಉಪಾಯವಿದೆ. ಒಂದು ಮೂಟೆ ಸಿಮೆಂಟ್ ಎಷ್ಟು ಬಾಂಡ್ಲಿ ಆಗುತ್ತದೆ ಎಂದು ಮೊದಲು ಅಳೆಯಿಸಿ. ಅದರ ಎರಡರಷ್ಟು ಬಾಂಡ್ಲಿ ಮರಳು, ನಾಲ್ಕರಷ್ಟು ಜಲ್ಲಿ. ಬಾಂಡ್ಲಿ ಲೆಕ್ಕ ನಿಮ್ಮ ಕಣ್ಣೆದುರೇ ನಡೆಯಲಿ.

ಮೂಟೆಯ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ, ಗಂಟುಕಟ್ಟಿದ ಸಿಮೆಂಟ್ ಬೇಡ. ಎಂ-ಸ್ಯಾಂಡ್ ಎಂದು ಹೇಳಿ ಕ್ರಷರ್ ಪುಡಿ ತಂದು ಸುರಿಯುವುದುಂಟು. ಹಿಡಿ ತೆಗೆದು ಉಜ್ಜಿ ನೋಡಿ, ಹಿಟ್ಟಿನಂತೆ ಕೈಗೆ ಮೆತ್ತಿದರೆ ವಾಪಸ್ ಕಳಿಸಿ.

ಇನ್ನು ನೀರು. ಕಲಸಲು ಸುಲಭವಾಗಲೆಂದು ಕೆಲಸದವರು ಕೊಡಗಟ್ಟಲೆ ನೀರು ಸುರಿಯುತ್ತಾರೆ. ನೀರು ಹೆಚ್ಚಾದಷ್ಟೂ ಕಾಂಕ್ರೀಟ್ ಬಲ ಕಳೆದುಕೊಳ್ಳುತ್ತದೆ. ಒಂದು ಮೂಟೆಗೆ 25ರಿಂದ 30 ಲೀಟರ್ ಸಾಕು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ.

ಇಳಿಜಾರು ಮತ್ತು ಗೆರೆ

ಕಾಂಕ್ರೀಟಿನ ಕೆಳಗಿನ ಮಣ್ಣನ್ನು ನೀರು ಹಾಕಿ ಚೆನ್ನಾಗಿ ದಿಮ್ಮಿಸಬೇಕು, ಅದರ ಮೇಲೆ ಕಲ್ಲು ಹಾಸಬೇಕು. ಇಳಿಜಾರನ್ನು ಆ ಹಂತದಲ್ಲೇ ಕೊಡಿಸಿ. ಗೋದಲಿಯಿಂದ ಚರಂಡಿಯ ಕಡೆಗೆ 10 ಅಡಿಗೆ 2ರಿಂದ 3 ಇಂಚು ಇಳಿಜಾರು ಬೇಕು. ಹಸು ನಿಲ್ಲುವ 6 ಅಡಿ ಜಾಗಕ್ಕೆ ಒಂದೂವರೆ ಇಂಚು. ಕಡಿಮೆಯಾದರೆ ಗಂಜಲ ನಿಲ್ಲುತ್ತದೆ. ತೀರಾ ಹೆಚ್ಚಾದರೆ ಗಬ್ಬದ ಹಸುವಿಗೆ ತೊಂದರೆ, ಮೈ ಹೊರಬರುವ ಅಪಾಯವೂ ಇದೆ. ಕಣ್ಣಂದಾಜು ಬೇಡ, ಲೆವೆಲ್ ಪೈಪ್ ಹಿಡಿದು ದಾರ ಕಟ್ಟಲಿ.

ಕೊನೆಯಲ್ಲಿ ಮೇಸ್ತ್ರಿ ಸಿಮೆಂಟ್ ಹಾಲು ಸುರಿದು ಕರಣೆಯಲ್ಲಿ ನುಣ್ಣಗೆ ಉಜ್ಜಲು ಹೊರಡುತ್ತಾರೆ. ಅದು ಅವರ ಕೈಚಳಕದ ಹೆಮ್ಮೆ. ‘ಅಣ್ಣಾ, ಇದು ನಡುಮನೆ ಅಲ್ಲ, ಹಸು ನಿಲ್ಲೋ ಜಾಗ’ ಎಂದು ತಡೆಯಿರಿ. ನುಣುಪು ನೆಲದಲ್ಲಿ ಕಾಲು ಜಾರಿ ತೊಡೆ ಸೀಳಿದ ಹಸು ಮತ್ತೆ ಏಳುವುದೇ ಕಷ್ಟ. ಕಾಂಕ್ರೀಟ್ ಹಸಿಯಿರುವಾಗಲೇ ಸುಮಾರು ಒಂದು ಸೆಂಟಿಮೀಟರ್ ಆಳದ ಚೌಕಳಿ ಗೆರೆ ಹಾಕಿಸಿ. ಹಾಗೆಂದು ಜಲ್ಲಿ ಮೊನೆ ಎದ್ದಿರುವಷ್ಟು ಒರಟೂ ಬೇಡ, ಗೊರಸು ಸವೆದು ಹಸು ಕುಂಟುತ್ತದೆ. ಗಟ್ಟಿಯಾದ ಮೇಲೆ ಕಾಂಕ್ರೀಟ್ ಇಟ್ಟಿಗೆಯೊಂದನ್ನು ನೆಲದ ಮೇಲೆ ಎಳೆದಾಡಿದರೆ ಚೂಪು ಅಂಚುಗಳು ಹೋಗುತ್ತವೆ. ಗೋದಲಿಯ ಒಳಭಾಗ ಮಾತ್ರ ನುಣುಪಾಗಿರಲಿ, ತೊಳೆಯಲು ಸುಲಭ.

ನೀರುಣಿಸುವುದು ಯಾರು?

ಮೇಸ್ತ್ರಿ ಕೆಲಸ ಮುಗಿಸಿ ಹೋದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಮರುದಿನದಿಂದ ಕನಿಷ್ಠ 10 ದಿನ ನೆಲ ಒಣಗಬಾರದು. ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಗೋಣಿಚೀಲ ಹಾಸಿ ನೆನೆಸುತ್ತಿರಿ. ಎರಡು ವಾರವಾದರೂ ಹಸುಗಳನ್ನು ಒಳಗೆ ಕಟ್ಟಬೇಡಿ. ಅಷ್ಟು ದಿನ ಅವನ್ನು ಎಲ್ಲಿ ಕಟ್ಟುವುದು, ಹಾಲು ಎಲ್ಲಿ ಕರೆಯುವುದು ಎಂದು ಕೆಲಸ ಶುರುವಾಗುವ ಮೊದಲೇ ನಿರ್ಧರಿಸಿ. ಜೋರು ಮಳೆಯ ದಿನಗಳಲ್ಲಿ ಈ ಕೆಲಸ ಹಿಡಿಯಬೇಡಿ. ಹಸುಗಳನ್ನು ಒಳಗೆ ತರುವ ಮುನ್ನ ನೆಲವನ್ನು ನಾಲ್ಕಾರು ಸಲ ತೊಳೆಯಿರಿ. ಹೊಸ ಸಿಮೆಂಟಿನ ಸುಣ್ಣದಂಶ ಗೊರಸಿಗೂ ಕೆಚ್ಚಲಿಗೂ ಉರಿ ತರುತ್ತದೆ.

ಚೀಟಿಯಲ್ಲಿ ಇಷ್ಟಿರಲಿ

1. ನೆಲದ ಉದ್ದ, ಅಗಲ, ದಪ್ಪ
2. ಸಿಮೆಂಟ್, ಮರಳು, ಜಲ್ಲಿಯ ಪಾಲು, ಒಟ್ಟು ಮೂಟೆ
3. ಇಳಿಜಾರು ಎಷ್ಟು, ಯಾವ ಕಡೆಗೆ, ಗೆರೆ ಹಾಕುವ ಬಗೆ
4. ಕೂಲಿ ದರ, ಅದರಲ್ಲಿ ಏನೇನು ಸೇರಿದೆ
5. ಶುರುವಾಗುವ ಮತ್ತು ಮುಗಿಯುವ ದಿನ
6. ಹಣ ಕೊಡುವ ಕಂತು

ಇಬ್ಬರ ಸಹಿ, ಒಬ್ಬ ಸಾಕ್ಷಿ ಇದ್ದರೆ ಸಾಕು. ‘ಅಕ್ಕಾ, ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಮೇಸ್ತ್ರಿ ಬೇಸರ ಮಾಡಿಕೊಳ್ಳಬಹುದು. ‘ನಂಬಿಕೆ ಇರೋದಕ್ಕೇ ಕೆಲಸ ಕೊಡ್ತಿರೋದು. ಬರೆದಿಟ್ಟರೆ ಇಬ್ಬರಿಗೂ ಮರೆಯಲ್ಲ’ ಎನ್ನಿ. ಡೈರಿಯಲ್ಲಿ ಹಾಲಿನ ಅಳತೆ, ಫ್ಯಾಟ್ ಬರೆಸಿಕೊಳ್ಳುವುದು ಕಾರ್ಯದರ್ಶಿಯ ಮೇಲೆ ಅನುಮಾನವಿದ್ದು ಅಲ್ಲವಲ್ಲ!

ಕೂಲಿಯ ಹಣವನ್ನು ನಾಲ್ಕು ಪಾಲು ಮಾಡಿ. ಕೆಲಸ ಶುರುವಾದ ದಿನ ಒಂದು ಪಾಲು, ಕಲ್ಲು ಹಾಸಿ ಇಳಿಜಾರು ಸರಿಮಾಡಿದಾಗ ಒಂದು, ಕಾಂಕ್ರೀಟ್ ಮುಗಿದ ದಿನ ಒಂದು. ಕೊನೆಯ ಪಾಲು ನಿಮ್ಮ ಕೈಯಲ್ಲೇ ಇರಲಿ. ಪ್ರತಿ ಸಲವೂ ಚೀಟಿಯ ಹಿಂದೆ ತಾರೀಕು, ಮೊತ್ತ ಬರೆದು ಸಹಿ ಹಾಕಿಸಿ.

ಕೊಟ್ಟಿಗೆಗೆ ಸರ್ಕಾರದ ಸಹಾಯಧನ ಸಿಗುತ್ತದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿ. ಮಂಜೂರಾಗುವ ಮುನ್ನವೇ ಕಟ್ಟಿಕೊಂಡರೆ ಆಮೇಲೆ ಕೇಳುವುದು ಕಷ್ಟ.

ನೀರುಣಿಸಿ ಮುಗಿದ ದಿನ ಮೇಸ್ತ್ರಿಯನ್ನು ಕರೆಸಿ. ಗೋದಲಿಯ ಬುಡದಲ್ಲಿ ನಾಲ್ಕು ಬಕೆಟ್ ನೀರು ಸುರಿಯಿರಿ. ನೀರೆಲ್ಲ ಹರಿದು ಚರಂಡಿ ಸೇರಿದರೆ ನಗುನಗುತ್ತಾ ಕೊನೆಯ ಪಾಲು ಕೊಟ್ಟು ಕಾಫಿ ಕುಡಿಸಿ ಕಳಿಸಿ. ಎಲ್ಲಾದರೂ ಮಡುಗಟ್ಟಿ ನಿಂತರೆ, ಆ ಜಾಗ ಸರಿಮಾಡಿಸಿದ ಮೇಲೆಯೇ ಹಣ ಕೊಡಿ. ನಾಳೆ ಆ ಮಡುವಿನಲ್ಲಿ ಮಲಗುವುದು ನಿಮ್ಮ ಹಸು.