ಮಳೆಗಾಲಕ್ಕೆ ಟ್ರ್ಯಾಕ್ಟರ್ ನಿಲ್ಲಿಸೋ ಮುಂಚೆ ಲಿಫ್ಟ್ ಇಳಿಸಿದ್ರಾ?

ಇವತ್ತಿನ ಸಂಚಿಕೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯ ಟ್ರ್ಯಾಕ್ಟರ್ ಇರೋ ಮನೆಗಳಿಗೆ. ಹಿಮ ಬೀಳೋ ದೇಶಗಳಲ್ಲಿ ಚಳಿಗಾಲಕ್ಕೆ ಟ್ರ್ಯಾಕ್ಟರ್ ಒಳಗೆ ನಿಲ್ಲಿಸ್ತಾರೆ. ನಮ್ಮಲ್ಲಿ ಅದು ಮಳೆಗಾಲ. ಕಬ್ಬು ಸಾಗಿಸಿದ ಟ್ರೇಲರ್ ಮುಂದಿನ ಹಂಗಾಮಿನವರೆಗೆ ನಿಂತೇ ಇರುತ್ತೆ. ಭತ್ತದ ನಾಟಿ ಮುಗಿದ ಮೇಲೆ ರೋಟಾವೇಟರ್ ಕೂಡ ಶೆಡ್ ಸೇರುತ್ತೆ.

ಎರಡು ವರ್ಷದ ಹಿಂದೆ ನಮ್ಮ ಕಾಕಾ ರೋಟಾವೇಟರನ್ನು ಮೇಲೆತ್ತಿಯೇ ಶೆಡ್‌ನಲ್ಲಿ ನಿಲ್ಲಿಸಿದ್ರು. ಹಸಿ ನೆಲಕ್ಕೆ ತಾಗಿದ್ರೆ ಬ್ಲೇಡು ತುಕ್ಕು ಹಿಡೀತಾವು ಅನ್ನೋದು ಅವರ ಲೆಕ್ಕ. ಮೂರನೇ ದಿನ ಮನೆಯ ಹುಡುಗ ಸೀಟ್ ಹತ್ತಿ ಆಡ್ತಾ ಲಿವರ್ ಎಳೆದ. ಎಂಜಿನ್ ಬಂದ್ ಇತ್ತು, ಕೀಲಿ ಮನೆಯೊಳಗಿತ್ತು. ಆದ್ರೂ ನಾಲ್ಕು ಕ್ವಿಂಟಲ್ ಆಸುಪಾಸಿನ ರೋಟಾವೇಟರ್ ಧಡ್ ಅಂತ ಕೆಳಗೆ ಬಂತು. ಅದರಡಿ ಮಲಗಿದ್ದ ನಾಯಿ ಆಗಷ್ಟೇ ಎದ್ದು ಹೋಗಿತ್ತು. ಅಲ್ಲಿ ಆ ಹುಡುಗನ ತಂಗಿ ಕೂತಿದ್ರೆ? ಕಾಕಾ ಆ ದಿನ ಊಟ ಮಾಡಲಿಲ್ಲ.

ಎಂಜಿನ್ ಇಲ್ಲದೆ ಅದು ಹೇಗೆ ಇಳೀತು? ಲಿಫ್ಟ್ ಎತ್ತೋದಕ್ಕಷ್ಟೇ ಪಂಪ್ ಬೇಕು. ಇಳಿಯೋದಕ್ಕೆ ಭಾರವೇ ಸಾಕು. ಎತ್ತಿದಾಗ ಸಿಲಿಂಡರ್ ಒಳಗೆ ಎಣ್ಣೆ ಸಿಕ್ಕಿಕೊಂಡಿರುತ್ತೆ. ಅದನ್ನು ಹಿಡಿದಿರೋದು ಒಂದು ವಾಲ್ವ್, ಒಂದಿಷ್ಟು ರಬ್ಬರ್ ಸೀಲ್. ಸೀಲ್ ಸವೆದಿದ್ರೆ ರಾತ್ರಿಯಿಡೀ ನಿಧಾನ ಇಳಿಯುತ್ತೆ. ಲಿವರ್ ಎಳೆದ್ರೆ ಒಮ್ಮೆಗೇ ಬೀಳುತ್ತೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಒತ್ತಡ ಸಾಮಾನ್ಯವಾಗಿ 150ರಿಂದ 200 ಬಾರ್ ತನಕ ಹೋಗಬಹುದು. ಕಾರಿನ ಟೈರಿನಲ್ಲಿರೋದು 2 ಬಾರ್‌ಗಿಂತ ತುಸು ಹೆಚ್ಚು, ಅಷ್ಟೇ.

ಹಾಗಾದ್ರೆ ನಿಲ್ಲಿಸೋದು ಹೇಗೆ? ಸಮತಟ್ಟು ಜಾಗ ನೋಡಿ, ಹ್ಯಾಂಡ್ ಬ್ರೇಕ್ ಹಾಕಿ. ಜನ, ಮಕ್ಕಳು ದೂರ ಇದ್ದಾರಾ ನೋಡಿ. ನೆಲದ ಮೇಲೆ ಹಲಗೆ ಇಟ್ಟು ಅದರ ಮೇಲೆ ರೋಟಾವೇಟರ್ ಅಥವಾ ಕಲ್ಟಿವೇಟರ್ ಪೂರ್ತಿ ಇಳಿಸಿ. ಬ್ಲೇಡಿಗೆ ಗ್ರೀಸ್ ಹಚ್ಚಿ. ತುಕ್ಕಿಗೆ ಉಪಾಯ ಇದು, ಎತ್ತಿಡೋದಲ್ಲ. ಎಂಜಿನ್ ಬಂದ್ ಮಾಡಿ, ಲಿವರನ್ನು ಎರಡು ಮೂರು ಸಲ ಮೇಲೆ ಕೆಳಗೆ ಆಡಿಸಿ. ಉಳಿದ ಒತ್ತಡ ಇಳಿಯುತ್ತೆ. ಆಮೇಲೆ ಲಿವರ್ ಇಳಿಸಿದ ಕಡೆಗೇ ಬಿಡಿ, ಕೀಲಿ ತೆಗೀರಿ.

ಟಿಪ್ಪಿಂಗ್ ಟ್ರೇಲರ್ ಇದ್ರೆ ಡಬ್ಬಿ ಪೂರ್ತಿ ಕೂತ ಮೇಲೇ ಪೈಪ್ ಬಿಚ್ಚಿ, ತುದಿಗೆ ಮುಚ್ಚಳ ಹಾಕಿ. ಒತ್ತಡ ಉಳಿದಿರುವಾಗಲೇ ಪೈಪ್ ತೆಗೆದು ಬಿಸಿಲಲ್ಲಿ ಬಿಟ್ರೆ ಒಳಗಿನ ಎಣ್ಣೆ ಕಾದು ಹಿಗ್ಗುತ್ತೆ. ಮತ್ತೆ ಹಂಗಾಮು ಬಂದಾಗ ಕಪ್ಲರ್ ಕೂರೋದೇ ಇಲ್ಲ. ಆಗ ಕೆಲವರು ಕಲ್ಲಿನಿಂದ ಕುಟ್ತಾರೆ. ದಯವಿಟ್ಟು ಬೇಡ, ಎಣ್ಣೆ ಚಿಮ್ಮಬಹುದು. ನೆರಳಿಗೆ ತಂದು ತಣ್ಣಗಾಗಲು ಬಿಡಿ. ಆದ್ರೂ ಕೂರದಿದ್ರೆ ಮೆಕ್ಯಾನಿಕ್ ಕರೀರಿ.

ಸಿಲಿಂಡರಿನ ಹೊಳೆಯೋ ರಾಡ್ ಆದಷ್ಟು ಒಳಗಿರಲಿ. ಹೊರಗುಳಿದ ಭಾಗಕ್ಕೆ ಗ್ರೀಸ್ ಬಳೀರಿ. ಜೋಯಿಡಾದಂಥ ಮಳೆಯಲ್ಲಿ ರಾಡ್ ಮೇಲೆ ಸಣ್ಣ ತುಕ್ಕು ಎದ್ರೂ ಅದು ಸೀಲನ್ನು ಕೊರೆಯುತ್ತೆ.

ಮತ್ತೆ ಶುರು ಮಾಡುವಾಗ ಎಣ್ಣೆ ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ರೆ ನೀರು ಸೇರಿದೆ, ಬದಲಿಸಬೇಕು. ಭಾರ ಇಲ್ಲದೆ ಲಿಫ್ಟನ್ನು ನಾಲ್ಕೈದು ಸಲ ಎತ್ತಿ ಇಳಿಸಿ.

ಕೊನೇ ಮಾತು. ಎಣ್ಣೆ ಎಲ್ಲಿ ಸೋರ್ತಿದೆ ಅಂತ ಎಂದೂ ಕೈಯಾಡಿಸಿ ನೋಡಬೇಡಿ. ರಟ್ಟಿನ ತುಂಡು ಹಿಡೀರಿ. ಸೂಜಿಮೊನೆಯಷ್ಟು ತೂತಿನಿಂದ ಬರೋ ಎಣ್ಣೆ ಚರ್ಮದೊಳಗೇ ಹೊಕ್ಕುತ್ತೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತೆ, ನೋವೂ ಮೊದಲಿಗೆ ಕಡಿಮೆ. ಹಾಗಂತ ಮನೇಲಿ ಕೂತ್ರೆ ಬೆರಳು, ಕೈ ಹೋಗಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೊಕ್ಕಿದೆ ಅಂತಲೇ ವೈದ್ಯರಿಗೆ ಹೇಳಿ.

ಕಾಕಾ ಈಗ ಲಿಫ್ಟ್ ಇಳಿಸದೆ ಸೀಟ್ ಬಿಟ್ಟು ಕೆಳಗಿಳಿಯೋದಿಲ್ಲ. ನೀವೂ ಇವತ್ತು ರಾತ್ರಿ ಒಮ್ಮೆ ಟಾರ್ಚ್ ಹಿಡಿದು ಶೆಡ್ ಕಡೆ ಹೋಗಿ ನೋಡಿ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.